ಒಣಗುವ ಮುನ್ನ

ದೊಡ್ಡ ಡಾಕ್ಟರಿಗೆ,

ಮೂರನೇ ಹಾಸಿಗೆಯ ಬಣ್ಣಗಾರನ ಹೆಂಡತಿಯ ನಮಸ್ಕಾರ.

ಮೊನ್ನೆ ನನ್ನವರ ಎದೆಬಡಿತ ನಿಂತು ಮತ್ತೆ ಶುರುವಾದಾಗ, ಮಿದುಳು ಉಳಿಯಲಿ ಎಂದು ಅವರ ಮೈಯನ್ನು ತಂಪು ಮಾಡಿ ಮಲಗಿಸಿದವರು ನೀವು. ಕಂಬಳಿ ಹೊದಿಸಬೇಡ ಎಂದಿರಿ, ಹೊದಿಸಿಲ್ಲ. ಇವತ್ತು ನಿಮ್ಮ ಕಿರಿಯ ಡಾಕ್ಟರು ಅಂಗದಾನದ ಕಾಗದ ಹಿಡಿದು ಬಂದರು. "ಕಣ್ಣಿಗೆ ಬೆಳಕು ಬಿಟ್ರೂ ಪಾಪೆ ಅಲುಗಾಡ್ತಿಲ್ಲಮ್ಮ, ಮಿದುಳು ಸತ್ತ ಹಾಗೇನೇ" ಎಂದರು. "ಅತ್ತಿಗೆ, ನಾಲ್ಕು ಜನಕ್ಕಾದ್ರೂ ಉಪಯೋಗ ಆಗ್ಲಿ" ಎಂದು ಮೈದುನನೂ ತಾಳ ಹಾಕಿದ.

ನಾವು ಬಟ್ಟೆಗೆ ಬಣ್ಣ ಹಾಕುವವರು. ಮದುವೆಯಾದ ಹೊಸದರಲ್ಲಿ ಒದ್ದೆ ಬಟ್ಟೆ ನೋಡಿದ ನಾನು, ಒಣಗಿದರೆ ಬಣ್ಣ ತಿಳಿಯಾಗುತ್ತದೆಂದು ಗೊತ್ತಿಲ್ಲದೆ, ಕಡುವಾಯಿತೆಂದು ಮತ್ತೆ ತೊಳೆದು ಇಪ್ಪತ್ತು ಗಜ ಹಾಳು ಮಾಡಿದ್ದೆ. "ಒಣಗೋ ತನಕ ತೀರ್ಪು ಕೊಡ್ಬೇಡ ಕಣೇ" ಎಂದಿದ್ದರು ಇವರು.

ಅವರ ಮೈ ಇನ್ನೂ ತಣ್ಣಗಿದೆ, ನಿದ್ದೆಯ ಮದ್ದೂ ಇಳಿದಿಲ್ಲ. ಬೆಚ್ಚಗಾದ ಮೇಲೆ ಮೂರು ದಿನ ಕಾದು ನೋಡಬೇಕೆಂದು ಹೇಳಿದವರೂ ನೀವೇ. ಅಲ್ಲಿಯವರೆಗೆ ಯಾರೂ ಕಾಗದ ತರಬಾರದೆಂದು ಹಾಸಿಗೆಯ ಮೇಲಿನ ಹಲಗೆಯಲ್ಲಿ ನೀವೇ ಬರೆಯಿರಿ. ಬರೆಯದಿದ್ದರೆ ನಾನು ಬರೆಯುತ್ತೇನೆ, ನಮ್ಮ ಬಣ್ಣದಲ್ಲಿ. ಅದು ಉಜ್ಜಿದರೂ ಹೋಗುವುದಿಲ್ಲ.

ಕೊಡಲು ಹಿಂಜರಿಯುವವಳು ನಾನಲ್ಲ. ಐದು ವರ್ಷದ ಹಿಂದೆಯೇ ನಾವಿಬ್ಬರೂ ದಾನದ ಚೀಟಿಗೆ ಸಹಿ ಹಾಕಿದ್ದೇವೆ. ನಿಮ್ಮ ಕಾಗದವೂ ನನ್ನ ಚೀಲದಲ್ಲಿದೆ. ಮೊದಲು ಅವರ ಕೈ ಬೆಚ್ಚಗಾಗಲಿ, ನಿಮ್ಮ ಪರೀಕ್ಷೆಗಳೆಲ್ಲ ಮುಗಿಯಲಿ. ಆಮೇಲೆ ನಾನು ಆ ಕೈ ಹಿಡಿದು ಒಮ್ಮೆ ಗಟ್ಟಿಯಾಗಿ ಕೂಗುತ್ತೇನೆ. ಅವರು ಓಗೊಡದಿದ್ದರೆ, ನೀವು ಕೇಳುವ ಮೊದಲೇ ಪೆನ್ನು ತೆಗೆಯುತ್ತೇನೆ.

ನಿಮ್ಮ ಬಾಗಿಲ ಎದುರಿನ ಬೆಂಚಿನಿಂದ ಕದಲದ,
ಬಣ್ಣಗಾರ್ತಿ