ಮೊರಾಂತಿಯೋ, ವಾಲ್‌ಸ್ಟಾರೋ

ಹೆದ್ದಾರಿ ಹಟ್ಟಿ, ಹಿರಿಯೂರು ಸೀಮೆ
೨೧೧೯ನೇ ಇಸವಿ, ಹದಿಮೂರನೇ ತಿಂಗಳು, ಆರನೇ ದಿನ

ಮಾನ್ಯ ವಾದಿರಾಜ ಕೊರ್ಲಹಳ್ಳಿ ಅವರಿಗೆ,

ಪಾಲಾಕ್ಷಿ ಮೇಸ್ತ್ರಿಯ ನಮಸ್ಕಾರಗಳು. ಮೇಲಿನ ತಾರೀಕು ನೋಡಿ ನಿಮಗೆ ಗಲಿಬಿಲಿಯಾದೀತು. ನಿಮ್ಮ ವರ್ಷಕ್ಕೆ ಹನ್ನೆರಡೇ ತಿಂಗಳೆಂದು ಬಲ್ಲೆ. ಬಿಸಿಲಿಗೆ ಯಾರೂ ಹೊರಗೆ ಕೈಯಾಡಿಸಲಾಗದ ನಲವತ್ತು ದಿನಗಳನ್ನು ನಾವು ಉಳಿದ ತಿಂಗಳುಗಳಿಂದ ಕಿತ್ತು ಬೇರೆ ಇಟ್ಟಿದ್ದೇವೆ. ಅದಕ್ಕೆ ಸುಮ್ಮನಿರು ತಿಂಗಳು ಎಂದು ಹೆಸರು. ಬರೆಯಲು ಬಿಡುವು ಸಿಗುವುದೂ ಆಗಲೇ. ನನ್ನ ಭಾಷೆ ನಿಮಗೆ ಒರಟೆನಿಸಿದರೆ ಮನ್ನಿಸಬೇಕು. ಪುಸ್ತಕದ ಕನ್ನಡವನ್ನು ನಾನು ಕಲಿತದ್ದೇ ನೀವು ಬರೆದ ಹನ್ನೆರಡು ಪುಟಗಳಿಂದ.

ನಮ್ಮ ಹಟ್ಟಿಯಲ್ಲಿ ಅರವತ್ತು ದಾಟಿದವರು ಹಿಂದಿನ ಕಾಲದ ಯಾರಿಗಾದರೂ ಒಂದು ಹಿಂದೋಲೆ ಬರೆಯಬೇಕೆಂಬ ಪದ್ಧತಿ ಇದೆ. ಅದು ತಲುಪುವುದಿಲ್ಲವೆಂದು ಎಲ್ಲರಿಗೂ ಗೊತ್ತು. ಬರೆದು, ಓದಿ ಹೇಳಿ, ಟೋಲ್ ಗೇಟಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುತ್ತೇವೆ. ಹೆಚ್ಚಿನವರು ಮುತ್ತಜ್ಜ ಮುತ್ತಜ್ಜಿಯರಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ಬದುಕಿನಲ್ಲಿ ಒಮ್ಮೆ ಬಹಳ ದೊಡ್ಡ ವಿಷಯದಲ್ಲಿ ನಿಮ್ಮ ಮಾತು ಕೇಳಿದೆ.

ನಾವಿರುವುದು ಹೆದ್ದಾರಿಯ ಮೇಲ್ಸೇತುವೆಯ ಮೇಲೆ. ಕೆಳಗೆ ದೂಳು ಮತ್ತು ಬಳ್ಳಾರಿ ಜಾಲಿ, ಮೇಲೆ ಒಂದಿಷ್ಟು ಗಾಳಿ. ಇನ್ನೂರ ಹತ್ತು ಜನ. ಹೆಂಗಸರು ಸೇತುವೆಯ ಅಂಚಿನ ತೊಟ್ಟಿಗಳಲ್ಲಿ ನವಣೆ ಬೆಳೆಯುತ್ತಾರೆ. ನೀರು ಎರಡು ದಿನಕ್ಕೊಮ್ಮೆ ಬಿಸಿಲುಬಂಡಿಯಲ್ಲಿ ಬರುತ್ತದೆ. ಬಿಸಿಲುಬಂಡಿ ಎಂದರೆ ತಲೆಯ ಮೇಲೆ ಸೋಲಾರ್ ಹಲಗೆ ಹೊತ್ತ ಗಾಡಿ. ಮನುಷ್ಯನ ನಡಿಗೆಗಿಂತ ತುಸು ಜೋರು, ಮೋಡವಿದ್ದರೆ ಅದೂ ಇಲ್ಲ. ನಾನೂ ನನ್ನ ಗೆಳೆಯ ದಸ್ತಗಿರಿಯೂ ಈ ಗಾಡಿಗಳ ರಿಪೇರಿಯವರು. ಅವನ ಹೆಂಡತಿ ಮಹಬೂಬಿ ಹಟ್ಟಿಯ ಸೂಲಗಿತ್ತಿಯಾಗಿದ್ದಳು. ಕತ್ತಿ ಹಾಕಿ ಹೆರಿಗೆ ಮಾಡಿಸಬಲ್ಲ ಡಾಕ್ಟರಮ್ಮ ಒಬ್ಬರೇ, ಅವರಿದ್ದದ್ದು ದಾವಣಗೆರೆಯಲ್ಲಿ. ಇಲ್ಲಿಂದ ನೂರಾ ಐದು ಕಿಲೋಮೀಟರು. ಬಿಸಿಲುಬಂಡಿಗೆ ಎರಡು ದಿನ.

ಹತ್ತು ವರ್ಷದ ಹಿಂದೆ, ಹಾಳುಬಿದ್ದ ಒಂದು ತೋಟದ ಬಂಗಲೆಯ ನೆಲಮಾಳಿಗೆಯಲ್ಲಿ ನಮಗೆ ಎರಡು ಕಾರು ಸಿಕ್ಕವು. ಬೂದಿ ಬಣ್ಣದ್ದು ಮೊರಾಂತಿ, ಕಪ್ಪಗಿನದು ವಾಲ್‌ಸ್ಟಾರ್. ಎರಡಕ್ಕೂ ಬಟ್ಟೆಯ ಗವಸು ಹೊದಿಸಿತ್ತು. ಮೊರಾಂತಿಯ ಸೀಟಿನ ಮೇಲೆ ನಿಮ್ಮ ಕಾಲದ ಒಂದು ಪತ್ರಿಕೆ ಇತ್ತು. ಅದರಲ್ಲಿ ಇವೇ ಎರಡು ಕಾರುಗಳನ್ನು ಅಕ್ಕಪಕ್ಕ ಇಟ್ಟು ತೂಗಿದ ನಿಮ್ಮ ಹನ್ನೆರಡು ಪುಟದ ಲೇಖನ. ಬಹುಶಃ ಅದನ್ನು ಓದಿ ತೀರ್ಮಾನಿಸಲಾಗದೆ ಆ ಪುಣ್ಯಾತ್ಮ ಎರಡನ್ನೂ ಕೊಂಡಿರಬೇಕು.

ನಿಮ್ಮ ಲೇಖನ ನನಗೆ ಬಾಯಿಪಾಠವಾಗಿತ್ತು. ನಿಂತಲ್ಲಿಂದ ನೂರರ ವೇಗಕ್ಕೆ ಮೊರಾಂತಿಗೆ ಮೂರೂವರೆ ಸೆಕೆಂಡು, ವಾಲ್‌ಸ್ಟಾರಿಗೆ ಮೂರು ಮುಕ್ಕಾಲು. ಮೊರಾಂತಿ ತಿರುವಿನಲ್ಲಿ ನೆಲ ಕಚ್ಚಿ ಓಡುತ್ತದೆ. ವಾಲ್‌ಸ್ಟಾರ್ ಸ್ಪ್ರಿಂಗಿನ ಬದಲು ಗಾಳಿಬುಗ್ಗೆಗಳ ಮೇಲೆ ಕೂತಿದ್ದು, ಗುಂಡಿ ಒತ್ತಿದರೆ ನಾಲ್ಕು ಬೆರಳು ಎತ್ತರಕ್ಕೆ ಏಳುತ್ತದೆ. ಹಿಂದಿನ ಸೀಟಿನ ಸುಖ ವಾಲ್‌ಸ್ಟಾರಿನದು, ಓಡಿಸುವವನ ಸುಖ ಮೊರಾಂತಿಯದು. ಕೊನೆಗೆ ನೀವು ಬರೆದಿದ್ದೀರಿ: ‘ಒಂದನ್ನೇ ಆರಿಸು ಎಂದರೆ ನಾನು ಹಿಂದುಮುಂದು ನೋಡದೆ ಮೊರಾಂತಿಯ ಕೀಲಿ ಎತ್ತಿಕೊಳ್ಳುತ್ತೇನೆ.’

ಎರಡನ್ನೂ ಓಡುವಂತೆ ಮಾಡಲು ನಾಲ್ಕು ವರ್ಷ ಹಿಡಿಯಿತು. ಟೈರುಗಳು ಒಣಗಿ ಬಿರಿದಿದ್ದವು. ಒಳಗೆ ರಬ್ಬರಿನ ಚಿಂದಿ ತುಂಬಿ ಹೊಲಿದೆವು. ಪೆಟ್ರೋಲನ್ನು ನಾನು ಕಂಡವನಲ್ಲ. ಜಾಲಿಕಾಯಿ ಕೊಳೆಹಾಕಿ ಬಟ್ಟಿ ಇಳಿಸಿದ ಜಾಲಿರಸದಲ್ಲೇ ಎಂಜಿನ್ ಓಡಬೇಕಿತ್ತು. ಇಡೀ ಹಟ್ಟಿ ಎರಡು ವರ್ಷ ಕಾಯಿ ಆಯ್ದರೂ ಕೂಡಿದ್ದು ನಲವತ್ತು ಲೀಟರು. ಒಂದು ಕಾರು ಒಮ್ಮೆ ದಾವಣಗೆರೆ ಮುಟ್ಟಲು ಮಾತ್ರ ಸಾಕಾಗುವಷ್ಟು. ಜೀವಕ್ಕೆ ಬಂದಾಗ ಮಾತ್ರ ಆ ರಸವನ್ನು ಮುಟ್ಟಬೇಕೆಂದು ಹಟ್ಟಿಯಲ್ಲಿ ತೀರ್ಮಾನವಾಗಿತ್ತು.

ಆ ದಿನ ಬಂದದ್ದು ನನ್ನ ಮನೆಗೇ. ನನ್ನ ಮಗಳು ಕೆಂಚಮ್ಮ, ಇಪ್ಪತ್ತಾರು ವರ್ಷ, ಚೊಚ್ಚಲ ಬಸುರಿ. ತಾಯಿಯಿಲ್ಲದೆ ನನ್ನ ಕೈಯಲ್ಲೇ ಬೆಳೆದವಳು. ಅವಳ ಗಂಡ ಗಾಳಿಕಂಬದ ಕೆಲಸಕ್ಕೆ ಗದಗದ ಕಡೆ ಹೋಗಿದ್ದ. ನೋವು ಶುರುವಾಗಿ ಒಂದು ದಿನ ಕಳೆದರೂ ಕೂಸು ಇಳಿಯಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಮಹಬೂಬಿ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತ ಹೇಳಿದಳು: “ಅಡ್ಡ ಕೂತೈತೆ ಅಣ್ಣಯ್ಯ. ನನ್ನ ಕೈಲಿ ಆಗಲ್ಲ. ಸಂಜೆ ಮಟ ತಡಕೋಬಹುದು, ಅಷ್ಟೇ.”

ಜಾಲಿರಸದ ಕ್ಯಾನು ಹಿಡಿದು ನಾನೂ ದಸ್ತಗಿರಿಯೂ ಎರಡು ಕಾರಿನ ನಡುವೆ ನಿಂತೆವು.

“ಕಪ್ಪುದ್ರಾಗೆ ಹೋಗಾಣ,” ಎಂದ ಅವನು. “ಎತ್ತರ ಏಳ್ತದೆ. ಮಗಳಿಗೆ ಕುಲುಕಾಟ ಕಮ್ಮಿ.”

“ಅದರ ಗಾಳಿಬುಗ್ಗೆ ನಂಬಂಗಿಲ್ಲ. ಮೊರಾಂತಿ ಜೋರು ಹೋಗ್ತದೆ. ಪುಸ್ತಕದಾಗೆ ಬರ್ದೈತೆ.”

“ಬರೆದೋರು ಈ ರಸ್ತೆ ನೋಡ್ಯಾರೇನು?”

“ನನ್ನ ಮಗಳು ದಸ್ತಗಿರಿ. ನಾನು ಹೇಳಿದ್ದು ಆಗಲಿ.”

ಅವನು ಕ್ಯಾನು ಎತ್ತಿದ. ಮೊರಾಂತಿಗೆ ರಸ ಹೊಯ್ದ.

ಕೆಂಚಮ್ಮನನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದೆವು. ಮಹಬೂಬಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ದಸ್ತಗಿರಿ ಸ್ಟೇರಿಂಗ್ ಹಿಡಿದ. ಎಂಜಿನ್ ಸದ್ದಿಗೆ ಹಟ್ಟಿಯ ಕೂಸುಗಳು ಹೆದರಿ ಅತ್ತವು; ಅವು ಅಂಥ ಸದ್ದು ಕೇಳಿರಲಿಲ್ಲ. ಗಂಟೆಗೆ ಮುನ್ನೂರು ಕಿಲೋಮೀಟರು ಓಡಬಲ್ಲ ಆ ಕಾರಿಗೆ ಮೂವತ್ತರ ಮೇಲೆ ಹೋಗಲು ನೆಲ ಸಿಗಲಿಲ್ಲ. ಡಾಂಬರು ಎದ್ದು ಹೋಗಿತ್ತು. ಹಳ್ಳ ಬಂದಲ್ಲೆಲ್ಲ ನಾನು ಇಳಿದು ಮುಂದೆ ನಡೆದು, ಕಲ್ಲು ಸರಿಸಿ, ಕೈಸನ್ನೆ ಮಾಡಬೇಕಿತ್ತು.

ನೋವಿನ ನಡುವೆ ಬಿಡುವು ಸಿಕ್ಕಾಗ ಕೆಂಚಮ್ಮ ಸೀಟಿನ ಚರ್ಮ ಸವರುತ್ತ ಹೇಳಿದಳು: “ಎಷ್ಟು ಮೆತ್ತಗೈತಪ್ಪ ಇದು. ಕೂಸಿಗೆ ಇಂಥದ್ದೊಂದು ಹಾಸಿಗೆ ಹೊಲಿದುಕೊಡು.”

“ಇದನ್ನೇ ಬಿಚ್ಚಿ ಹೊಲಿತೀನಿ ಕಣವ್ವ,” ಎಂದೆ.

ಮೂವತ್ತೇಳನೇ ಕಿಲೋಮೀಟರಿನಲ್ಲಿ, ಚಿತ್ರದುರ್ಗದ ಗುಡ್ಡಗಳು ಕಾಣುವಲ್ಲಿ, ದೂಳು ಮುಚ್ಚಿದ್ದ ಒಂದು ಗುಂಡಿಗೆ ಮುಂದಿನ ಗಾಲಿ ಇಳಿಯಿತು. ಕಾರಿನ ಹೊಟ್ಟೆ ಕಲ್ಲಿಗೆ ಬಡಿಯಿತು. ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಸೀಳಿಹೋಗಿ, ಎಣ್ಣೆಯೆಲ್ಲ ದೂಳಿಗೆ ಸುರಿಯಿತು. ದಸ್ತಗಿರಿ ಎಂಜಿನ್ ಆರಿಸಿದ. ನಾನು ಕೆಳಗೆ ಮಲಗಿ ಅಂಗಿ ಹರಿದು ತುರುಕಿದೆ. ಎರಡು ಅಂಗೈ ಒತ್ತಿ ಹಿಡಿದೆ. ಅದು ನಿಲ್ಲುವ ಸೀಳಲ್ಲವೆಂದು ಮೇಸ್ತ್ರಿಯಾದ ನನಗೆ ಗೊತ್ತಿತ್ತು. ಆದರೂ ಬಹಳ ಹೊತ್ತು ಒತ್ತಿ ಹಿಡಿದಿದ್ದೆ.

ಕೆಂಚಮ್ಮನನ್ನು ಸೀರೆಯ ಜೋಲಿಯಲ್ಲಿ ಹೊತ್ತು ಎರಡು ಫರ್ಲಾಂಗು ನಡೆದೆವು. ಅವಳು ಕಿರುಚಿದಳು, ಮಹಬೂಬಿ ಇಳಿಸಿ ಎಂದಳು. ಮತ್ತೆ ಕಾರಿಗೇ ತಂದು ಮಲಗಿಸಿದೆವು, ಬೇರೆ ನೆರಳಿರಲಿಲ್ಲ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಹೋಗಿಬಿಟ್ಟಳು. ಕೂಸೂ ಅವಳೊಳಗೇ ಹೋಯಿತು. ಅಲ್ಲೇ ರಸ್ತೆ ಬದಿಯಲ್ಲಿ ಮಣ್ಣು ಮಾಡಿದೆವು.

ನಾವು ಹಿಂದಿರುಗಲು ಎದ್ದಾಗ ಮಹಬೂಬಿ ಏಳಲಿಲ್ಲ. “ನೀವು ಹೋಗಿ. ನಾನು ದಾವಣಗೆರೆಗೆ ನಡೀತೀನಿ. ಆ ಡಾಕ್ಟರಮ್ಮನ ಹತ್ರ ಕತ್ತಿ ಹಿಡಿಯೋದು ಕಲ್ತು ಬರ್ತೀನಿ,” ಎಂದು ಗಂಡನಿಗೆ ಹೇಳಿದಳು. ದಸ್ತಗಿರಿ ತನ್ನ ಪಾಲಿನ ನೀರನ್ನು ಅವಳ ಸೊಂಟಕ್ಕೆ ಕಟ್ಟಿದ. ನಾವಿಬ್ಬರೂ ಹಟ್ಟಿಗೆ ನಡೆದುಬಂದೆವು.

ನಾಲ್ಕು ವರ್ಷ ನಾನು ಒಂದೇ ಮಾತು ನನಗೆ ನಾನೇ ಹೇಳಿಕೊಂಡೆ: ವಾಲ್‌ಸ್ಟಾರಿನಲ್ಲಿ ಹೋಗಿದ್ದರೆ ಉಳಿಯುತ್ತಿದ್ದಳು. ದಸ್ತಗಿರಿ ಹಾಗೆಂದು ಒಮ್ಮೆಯೂ ಅನ್ನಲಿಲ್ಲ. ಕೊನೆಗೆ ಅವನೇ ಐದು ಲೀಟರು ರಸ ಇಳಿಸಿ, “ಬಾ, ನೋಡೇಬಿಡಾಣ,” ಎಂದು ಕರೆದ. ವಾಲ್‌ಸ್ಟಾರಿನ ಗುಂಡಿ ಒತ್ತಿದೆ. ಕಾರು ಮೆಲ್ಲಗೆ ನಾಲ್ಕು ಬೆರಳು ಎದ್ದು ನಿಂತಿತು. ಅದನ್ನು ರಸ್ತೆಗೆ ಇಳಿಸಿದೆವು. ಹತ್ತು ನಿಮಿಷ ಓಡಿರಬಹುದು, ಬುಗ್ಗೆಗಳಿಂದ ಗಾಳಿ ಸೋರಿ ಅದರ ಹೊಟ್ಟೆ ಮೊರಾಂತಿಗಿಂತ ಕೆಳಗೆ ಕುಸಿದು ನೆಲಕ್ಕೆ ಉಜ್ಜಿತು.

“ಎರಡೂ ಮುಟ್ತಿರಲಿಲ್ಲ ಬಿಡು,” ಎಂದ ದಸ್ತಗಿರಿ. ನನ್ನ ಎದೆ ಹಗುರಾಗಲೆಂದು ಹೇಳಿದ್ದು. ಆಗಲಿಲ್ಲ. ತಪ್ಪು ನನ್ನದೆಂದು ನಂಬಿದ್ದಷ್ಟು ದಿನ, ಸರಿಯಾದದ್ದೊಂದು ಇತ್ತೆಂದೂ ನಂಬಿದ್ದೆ.

ಮಹಬೂಬಿ ಕಲಿತಳು. ಆದರೆ ಅವಳು ಕಲಿಯುವಷ್ಟರಲ್ಲಿ ಡಾಕ್ಟರಮ್ಮ ತೀರಿಕೊಂಡರು. ಈಗ ಸುತ್ತಲಿನ ಅಷ್ಟೂ ಊರುಗಳಿಗೆ ಇವಳೊಬ್ಬಳೇ. ಬಾಗಿಲಲ್ಲಿ ದಿನವೂ ಜೋಲಿಗಳು ಬಂದಿಳಿಯುತ್ತವಂತೆ. ಅವುಗಳನ್ನು ಬಿಟ್ಟು ಹಟ್ಟಿಗೆ ಎದ್ದು ಬರುವ ಹಾಗಿಲ್ಲ. ದಸ್ತಗಿರಿ ವರ್ಷಕ್ಕೊಮ್ಮೆ ಹೋಗಿ ಹೆಂಡತಿಯ ಮುಖ ನೋಡಿ ಬರುತ್ತಾನೆ. ನಮ್ಮ ಹಟ್ಟಿಯಲ್ಲಿ ಈಗ ಮೂವರು ಬಸುರಿಯರಿದ್ದಾರೆ. ಅವರಿಗೂ ದಾವಣಗೆರೆ ಎರಡು ದಿನದ ದಾರಿಯೇ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಸ್ವಾಮಿ. ನೀವು ಬರೆದದ್ದೆಲ್ಲ ನಿಜವಿರಬೇಕು. ಆ ಹನ್ನೆರಡು ಪುಟಗಳನ್ನು ಮತ್ತೆ ಮತ್ತೆ ಹುಡುಕಿದ್ದೇನೆ. ರಸ್ತೆಯ ಬಗ್ಗೆ ಒಂದು ಸಾಲೂ ಇಲ್ಲ. ಅದು ಕಾಲ ಕೆಳಗೆ ಯಾವಾಗಲೂ ಇರುವಂಥದ್ದು, ಹೇಳುವುದೇನಿದೆ ಎಂದುಕೊಂಡಿರಿ.

ನನ್ನದೊಂದು ಕೋರಿಕೆ. ಯಾವ ಕಾರಾದರೂ ಸರಿ, ಒಮ್ಮೆ ಹಿರಿಯೂರಿನಿಂದ ದಾವಣಗೆರೆಗೆ ಹೋಗಿಬನ್ನಿ. ನಿಮಗೆ ಒಂದೂವರೆ ಗಂಟೆ ಸಾಕೆಂದು ಲೆಕ್ಕ ಹಾಕಿದ್ದೇನೆ. ಹೋಗಿಬಂದು, ಆ ರಸ್ತೆ ಹೇಗಿತ್ತೆಂದು ಬರೆದಿಡಿ. ಎಷ್ಟು ಕಡೆ ನಿಲ್ಲಿಸಬೇಕಾಯಿತು, ಹಿಂದಿನ ಸೀಟಿನಲ್ಲಿ ಮಲಗಿದವರಿಗೆ ನಿದ್ದೆ ಬಂದಿತೇ, ಇದನ್ನೂ ಬರೆಯಿರಿ. ನಿದ್ದೆ ಬಂದಿತೆಂದು ಓದಲು ನನಗೆ ಆಸೆ.

ಇಲ್ಲಿಗೆ ಮುಗಿಸುತ್ತೇನೆ.

ಪಾಲಾಕ್ಷಿ ಮೇಸ್ತ್ರಿ