ಪಟ್ಟಿಯಲ್ಲಿಲ್ಲದ ಐದು ಆಂಪ್

ಮಾರ್ಚ್ ೩, ಸೋಮವಾರ, ಸಂಜೆ

ದೋಣಿಯ ಹೊಟ್ಟೆಯಿಂದ ಮೂರನೆಯ ಹಳೆ ಬ್ಯಾಟರಿಯೂ ಮೇಲೆ ಬಂತು. ಒಂದೊಂದೂ ಮೂವತ್ತು ಕಿಲೋ. ಹಾಸಿಗೆಯ ಹಲಗೆ ಎತ್ತಿ, ಬೋರಲು ಮಲಗಿ, ಹಿಡಿಗೆ ಹಗ್ಗ ಕಟ್ಟಿ ಎಳೆದದ್ದು. ಸೊಂಟ ಹಿಡಿದುಕೊಂಡಿದೆ. ಒಂದರ ಮೈ ಉಬ್ಬಿಹೋಗಿದೆ, ಬೀಗರ ಮನೆಯಲ್ಲಿ ಉಂಡು ಕೂತವರ ಹಾಗೆ.

ಎಂಜಿನ್ನಿನ ಬ್ಯಾಟರಿ ಬೇರೆ, ಅದು ಗಟ್ಟಿಯಾಗಿದೆ. ಇವು ಮನೆ ಬ್ಯಾಟರಿ. ದೀಪ, ಫ್ರಿಜ್, ಪಂಪು, ರೇಡಿಯೋ ಎಲ್ಲಕ್ಕೂ ಅನ್ನ ಇಲ್ಲಿಂದಲೇ. ದಡದ ಮನೆ ಬಾಡಿಗೆಗೆ ಕೊಟ್ಟಾಯಿತು. ಮುಂದಿನ ತಿಂಗಳಿಂದ ಈ ಮೂವತ್ನಾಲ್ಕು ಅಡಿಯೇ ಮನೆ. ಇಪ್ಪತ್ತಾರು ವರ್ಷ ಒಂದೇ ದಡದಿಂದ ಇನ್ನೊಂದೇ ದಡಕ್ಕೆ ಫೆರ್ರಿ ಓಡಿಸಿದವಳು ಇವಳು, ನನ್ನ ಹೆಂಡತಿ. "ಇನ್ನು ಮೇಲೆ ಎದುರಿನ ದಡ ಕಾಣದ ಕಡೆ ಹೋಗೋದು" ಎಂದು ಹಾಯಿದೋಣಿ ಕೊಂಡಳು. ಕ್ಯಾಪ್ಟನ್ ಅವಳು. ಕೂಲಿ ನಾನು.

ನಾಳೆ ವೈರಿಂಗಿನವಳು ಬರುತ್ತಾಳೆ. "ಕರೆಂಟಿನ ಪಟ್ಟಿ ನೀವು ಬರೆಸಿ ರೀ. ನಿಮ್ಮ ಮಷೀನ್ ಮರೀಬೇಡಿ" ಎಂದಳು ಇವಳು.

ಮರೆಯುವುದುಂಟೇ.

ಮಾರ್ಚ್ ೪, ಮಂಗಳವಾರ

ವೈರಕ್ಕ ಬಂದಳು. ಹೆಸರು ಬೇರೆ ಇದೆ, ಈ ದೋಣಿ ರಿಪೇರಿ ಯಾರ್ಡಿನಲ್ಲಿ ಯಾರಿಗೂ ನೆನಪಿಲ್ಲ. ಕಿವಿಯಲ್ಲಿ ಪೆನ್ಸಿಲ್, ಕೈಯಲ್ಲಿ ನೋಟ್‌ಬುಕ್. ಶೆಡ್ಡಿನ ಬೆಂಚಿನ ಮೇಲೆ ಕೂತಳು.

"ಬ್ಯಾಟರಿ ಅಂದ್ರೆ ನೀರಿನ ಡ್ರಮ್ ಇದ್ದ ಹಾಗೆ ದಮ್ಮಣ್ಣ. ದಿನಕ್ಕೆ ಎಷ್ಟು ಕುಡೀತೀರಿ ಹೇಳಿ, ಎಷ್ಟು ದೊಡ್ಡ ಡ್ರಮ್ ಬೇಕು ನಾನು ಹೇಳ್ತೀನಿ."

ದಮ್ಮಣ್ಣ ನಾನು. ಬಂದರಿನಲ್ಲಿ ಡೈವರ್ ಆಗಿದ್ದಾಗ, ಟ್ಯಾಂಕ್ ಇಲ್ಲದೆ ಒಂದೇ ದಮ್ಮಿನಲ್ಲಿ ಮೂರು ನಿಮಿಷ ನಲವತ್ತು ಸೆಕೆಂಡು ಒಳಗಿದ್ದು, ಪ್ರೊಪೆಲರಿಗೆ ಸುತ್ತಿದ್ದ ಬಲೆ ಕತ್ತರಿಸಿ ಬಂದಿದ್ದೆ. ಹನ್ನೊಂದು ವರ್ಷದ ಹಿಂದೆ. ದಮ್ಮು ಹೋಯಿತು, ಹೆಸರು ನಿಂತಿತು.

ಬರೆಸಿದೆ. ಫ್ರಿಜ್ ನಲವತ್ತೈದು, ಫ್ಯಾನ್ ಹತ್ತು, ರೇಡಿಯೋ ಮತ್ತು ನಕ್ಷೆಯ ಪರದೆ ಹತ್ತು... ಎಲ್ಲ ಕೂಡಿ ದಿನಕ್ಕೆ ಎಂಬತ್ತು ಆಂಪ್-ಗಂಟೆ. ಬಿಸಿಲು ಬಾರದಿದ್ದರೂ ಎರಡು ದಿನ ತಡೆಯಬೇಕು, ಅಲ್ಲಿಗೆ ನೂರ ಅರವತ್ತು. ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ ಬಳಸಬಹುದಂತೆ. ನೂರು ಕಿಲೋ ಹೊರಬೇಕು. ಲಿಥಿಯಂ ಆದರೆ ಇನ್ನೂರರದ್ದು ಒಂದೇ ಸಾಕು, ಇಪ್ಪತ್ತೈದು ಕಿಲೋ.

"ಆದ್ರೆ ಒಂದು ಮಾತು. ಸೀಸದ್ದು ಮಂಕಾಗಿ ಮಂಕಾಗಿ ಸಾಯುತ್ತೆ. ಇದು ಹಂಗಲ್ಲ, ಹೇಳದೆ ಕೇಳದೆ ಪಟ್ಟಂತ ಬಂದ್. ಅದಕ್ಕೇ ನನಗೆ ಪಟ್ಟಿ ಪೂರ್ತಿ ಬೇಕು. ರಾತ್ರಿ ಮಲಗಿದ ಮೇಲೆ ಏನಾದ್ರೂ ನಡೆಯುತ್ತಾ?"

ಡೈವರ್‌ಗಳಿಬ್ಬರು ಚಹಾ ಕುಡಿಯುತ್ತಾ ನಿಂತಿದ್ದರು. ಅವರಲ್ಲಿ ಗಡ್ಡದವನು ಬಾಯಿ ಹಾಕಿದ — "ಅಣ್ಣ ಮಲಗಿದ್ರೆ ಉಸಿರೂ ಆಡಲ್ಲ ಅಕ್ಕ! ಸಂಜೆ ಒಂದ್ಸಲ ಎಳ್ಕೊಂಡ್ರೆ ಬೆಳಗಿನವರೆಗೂ ಸಾಕು!"

ಎಲ್ಲರೂ ನಕ್ಕರು. ನಾನೂ ನಕ್ಕೆ.

"ಏನೂ ಇಲ್ಲಮ್ಮ" ಎಂದೆ. ಅವಳು ಗೆರೆ ಎಳೆದು ಕೂಡಿದಳು.

ಮಾರ್ಚ್ ೫, ಬೆಳಿಗ್ಗೆ ೫

ಗಡ್ಡದವನು ತಮಾಷೆಗೆ ಅಂದದ್ದು. ನಿಜ ಅವನಿಗೆ ಗೊತ್ತಿಲ್ಲ. ನವೆಂಬರಿನಲ್ಲಿ ಆಸ್ಪತ್ರೆಯಲ್ಲಿ ಮೈತುಂಬ ವೈರು ಅಂಟಿಸಿ ಮಲಗಿಸಿದ್ದರು. "ನಿದ್ದೇಲಿ ಗಂಟೆಗೆ ನಲವತ್ತೊಂದು ಸಲ ನಿಮ್ಮ ಉಸಿರು ನಿಲ್ಲುತ್ತೆ" ಎಂದರು ಡಾಕ್ಟರು. ಒಂದೊಂದು ಸಲ ಎಷ್ಟು ಸೆಕೆಂಡು ಎಂದು ಕೇಳುವವನಿದ್ದೆ. ಬುದ್ಧಿ ಎಲ್ಲಿಗೆ ಹೋಗುತ್ತದೆ ನೋಡು.

ಅಂದಿನಿಂದ ರಾತ್ರಿಯೆಲ್ಲ ಗಾಳಿ ಊದುವ ಮಷೀನು. ಮೂಗಿಗೆ ಮುಖವಾಡ, ಅದಕ್ಕೊಂದು ಸೊಂಡಿಲು. ಮೊಮ್ಮಗಳು ಬಾಗಿಲಲ್ಲಿ ನಿಂತು ನೋಡಿದವಳು ಅಮ್ಮನ ಹಿಂದೆ ಅವಿತುಕೊಂಡಳು. ಆವತ್ತು ಇವಳ ಹತ್ತಿರ ಮಾತು ತೆಗೆದುಕೊಂಡೆ — ಯಾರ ಮುಂದೂ ಎತ್ತಕೂಡದು. "ಆಯ್ತು ಮಾರಾಯ್ರೆ, ಎತ್ತಲ್ಲ" ಎಂದಳು.

ವೈರಕ್ಕ ಒಬ್ಬಳೇ ಸಿಕ್ಕಾಗ ಹೇಳುವುದು. ಇವತ್ತೇ.

ಮಾರ್ಚ್ ೧೪, ಶುಕ್ರವಾರ

ಹೇಳಲಿಲ್ಲ.

ಬ್ಯಾಟರಿ ಕೂತಿತು. ಅವಳ ಕೆಲಸ ನೋಡಬೇಕು! ವೈರುಗಳು ಬಾಚಿ ಹೆಣೆದ ಜಡೆಯ ಹಾಗೆ. ಪ್ರತಿ ತುದಿಗೂ ಚೀಟಿ. ಗೋಡೆಯಲ್ಲಿ ಪುಟ್ಟ ಮೀಟರು — ಎಷ್ಟು ಉಳಿದಿದೆ, ಈಗ ಎಷ್ಟು ಹೋಗುತ್ತಿದೆ, ಎಲ್ಲ ತೋರಿಸುತ್ತದೆ. ಶೇಕಡ ಇಪ್ಪತ್ತಕ್ಕೆ ಇಳಿದರೆ ಕೂಗುತ್ತದೆ.

ಮಧ್ಯಾಹ್ನ ನಾವಿಬ್ಬರೇ ಇದ್ದೆವು. ಬ್ಯಾಟರಿ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟಳು. "ಇಲ್ಲಿ ಇನ್ನೊಂದಕ್ಕೆ ಜಾಗ ಇದೆ ದಮ್ಮಣ್ಣ. ಬೇಕಾಗಬಹುದು ಅನ್ಸುತ್ತಾ?"

ದೇವರೇ ಬಾಗಿಲು ತೆರೆದು ಕರೆದ ಹಾಗಿತ್ತು. "ಬೇಡ ಬಿಡಮ್ಮ" ಎಂದೆ.

ಮಾರ್ಚ್ ೨೩, ಭಾನುವಾರ, ಬೆಳಿಗ್ಗೆ ೯

ನಡೆದದ್ದನ್ನು ನಡೆದ ಹಾಗೆ ಬರೆದಿಡಬೇಕು.

ಶುಕ್ರವಾರ ಹೊರಟೆವು. ಅರ್ಧ ದಿನದ ದಾರಿ, ಗುಡ್ಡದ ಮರೆಯಲ್ಲಿ ಲಂಗರು. ಎರಡು ದಿನವೂ ಮೋಡ. ಮೇಲಿನ ಸೋಲಾರ್ ಹಲಗೆ ಇದ್ದೂ ಇಲ್ಲದ ಹಾಗೆ. ನಿನ್ನೆ ರಾತ್ರಿ ಮಷೀನ್ ಹಾಕಿ ಮಲಗಿದ್ದೆ. ಮೀಟರು ಕೂಗಿತು. ಎದ್ದು ಹೋಗಿ, ಇವಳಿಗೆ ಎಚ್ಚರವಾದೀತು ಎಂದು, ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದೆ. ಇನ್ನೇನು ಬೆಳಗಾಗುತ್ತದಲ್ಲ ಎಂದುಕೊಂಡೆ. ಮತ್ತೆ ಮಲಗಿದೆ.

ಉಸಿರು ಕಟ್ಟಿ ಎಚ್ಚರವಾಯಿತು. ಮಷೀನ್ ನಿಂತಿತ್ತು. ಫ್ಯಾನ್ ನಿಂತಿತ್ತು. ಕಂಬದ ತುದಿಯ ದೀಪ — ನಾವಿಲ್ಲಿ ನಿಂತಿದ್ದೇವೆ ಎಂದು ಬೇರೆಯವರಿಗೆ ಹೇಳುವ ಒಂದೇ ದೀಪ — ಅದೂ. ಎಂಜಿನ್ನಿನ ಸದ್ದು ಹತ್ತಿರ ಬರುತ್ತಿತ್ತು. ಇವಳು ಆಗಲೇ ಮೇಲೆ ಓಡಿದ್ದಳು, ಟಾರ್ಚ್ ಬೀಸುತ್ತಾ ಕಿರುಚುತ್ತಿದ್ದಳು. ಮೀನಿನ ಬೋಟು ಕೊನೆಯ ಗಳಿಗೆಯಲ್ಲಿ ತಿರುಗಿತು. ನಮ್ಮ ಪಕ್ಕ ಉಜ್ಜಿಕೊಂಡು ಹೋಯಿತು. ಅದರ ಅಂಚಿನಲ್ಲಿ ನಿಂತಿದ್ದವನು — "ದೀಪ ಹಾಕೋಕೆ ಏನ್ರೀ ದಾಡಿ? ಸಾಯೋಕೆ ಬಂದಿದ್ದೀರಾ?"

ಇವಳು ಬಿದ್ದು ಮಣಿಕಟ್ಟು ಊದಿದೆ. ಬಟ್ಟೆ ಒದ್ದೆ ಮಾಡಿ ಕಟ್ಟಿದೆ. ಕಟ್ಟಿಸಿಕೊಳ್ಳುತ್ತಾ ಕೇಳಿದಳು —

"ಪಟ್ಟೀಲಿ ಮಷೀನ್ ಬರೆಸಿದ್ರಿ ತಾನೇ?"

"ಬರೆಸಿದ್ದೆ."

"ಹಾಗಾದ್ರೆ ಇದು ಆ ವೈರಿಂಗಿನವಳ ತಪ್ಪು" ಎಂದಳು.

ಮಾರ್ಚ್ ೨೫, ಮಂಗಳವಾರ

ಯಾರ್ಡ್ ಆಫೀಸು. ಮ್ಯಾನೇಜರ್, ಡೈವರ್‌ಗಳು, ಬಣ್ಣದವರು — ಜಾತ್ರೆಯಷ್ಟು ಜನ.

"ಕೊಟ್ಟ ಪಟ್ಟಿಗೇ ಎರಡು ದಿನ ತಡೀಲಿಲ್ಲ ನಿಮ್ಮ ಬ್ಯಾಟರಿ" ಎಂದಳು ಇವಳು. ದನಿ ಏರಿಸಲಿಲ್ಲ; ಇವಳು ಏರಿಸುವುದಿಲ್ಲ, ಅದೇ ಭಯ. "ಇನ್ನೊಂದು ಮಾರು ಈಚೆ ಬಂದಿದ್ರೆ ನಾವಿಬ್ಬರೂ ಇವತ್ತು ಇಲ್ಲಿ ನಿಲ್ತಿರಲಿಲ್ಲ."

ವೈರಕ್ಕ ನೋಟ್‌ಬುಕ್ ತೆರೆದಳು. "ಪಟ್ಟಿ ಪ್ರಕಾರವೇ ಹಾಕಿದ್ದೀನಿ ಕ್ಯಾಪ್ಟನಮ್ಮ. ನೀವೇ ನೋಡಿ."

"ನಾನ್ಯಾಕೆ ನೋಡ್ಲಿ? ಬರೆಸಿದ್ದು ಇವರು. ಇವರು ಸುಳ್ಳು ಬರೆಸ್ತಾರಾ?"

ಎಲ್ಲರೂ ನನ್ನತ್ತ ನೋಡಿದರು. ಇವಳೂ ನೋಡಿದಳು. ಮಷೀನಿನ ಮಾತು ಎತ್ತಲಿಲ್ಲ — ನನಗೆ ಕೊಟ್ಟ ಮಾತು ಉಳಿಸಿಕೊಂಡಳು. ಆ ಒಳ್ಳೆಯತನದ ಹಿಂದೆ ನಾನು ಅವಿತು ನಿಂತೆ.

ನೆಲ ನೋಡಿದೆ. ನೆಲದಲ್ಲಿ ಬಣ್ಣದ ಹನಿಗಳಿದ್ದವು. ನೀಲಿ.

ವೈರಕ್ಕ ನೋಟ್‌ಬುಕ್ ಮುಚ್ಚಿದಳು. "ಎಲ್ಲೋ ಕರೆಂಟ್ ಸೋರ್ತಿರಬೇಕು. ಹುಡುಕ್ತೀನಿ" ಎಂದಳು.

ಮಾರ್ಚ್ ೨೮, ಶುಕ್ರವಾರ

ನಾಲ್ಕನೆಯ ದಿನ ಹುಡುಕುತ್ತಿದ್ದಾಳೆ. ಫ್ರಿಜ್ಜಿನ ಬೆನ್ನು ಬಿಚ್ಚಿದಳು. ತಾನೇ ಒತ್ತಿದ ತುದಿಗಳನ್ನು ಕತ್ತರಿಸಿ ಮತ್ತೆ ಒತ್ತಿದಳು. ಹೆಬ್ಬೆರಳು ಕುಯ್ದುಕೊಂಡಿದೆ, ಟೇಪ್ ಸುತ್ತಿಕೊಂಡೇ ಮಾಡುತ್ತಾಳೆ. ಮಷೀನು ನನ್ನ ಬಟ್ಟೆ ಪೆಟ್ಟಿಗೆಯಲ್ಲಿ, ಸ್ವೆಟರಿನ ಕೆಳಗೆ. ಅದರ ಮೇಲೆಯೇ ಕೂತು ಅವಳಿಗೆ ಟಾರ್ಚ್ ಹಿಡಿದೆ.

"ವಿಚಿತ್ರ ದಮ್ಮಣ್ಣ. ಮೀಟರಿನ ಹಳೇ ಲೆಕ್ಕ ಹೇಳುತ್ತೆ, ರಾತ್ರಿ ಹತ್ತರಿಂದ ಐದು ಆಂಪ್ ಹೆಚ್ಚಿಗೆ ಬಿಡದೆ ಹೋಗಿದೆ ಅಂತ. ಎರಡು ರಾತ್ರೀನೂ ಅದೇ ಹೊತ್ತು. ಸೋರಿಕೆ ಹಿಂಗೆ ಟೈಮ್ ನೋಡ್ಕೊಂಡು ಸೋರಲ್ಲ." ನನ್ನ ಮುಖ ನೋಡಿದಳು. ಅನುಮಾನದಿಂದಲ್ಲ. ಸಹಾಯ ಕೇಳುವ ಹಾಗೆ.

"ಹೌದಾ" ಎಂದೆ.

ಮಾರ್ಚ್ ೩೦

ಬರೆಯಲು ಏನೂ ಇಲ್ಲ.

ಇದೂ ಸುಳ್ಳು.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಮ್ಯಾನೇಜರ್ ಎದುರಾದರು. ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಪೈಲಟ್ ಬೋಟಿನ ವೈರಿಂಗ್ ವೈರಕ್ಕನಿಗೆ ಎಂದು ನಿಗದಿಯಾಗಿತ್ತಂತೆ. ಬೇರೆಯವರಿಗೆ ಹೋಯಿತು. "ನಮ್ಮ ಕೈಲೇನಿಲ್ಲ. ನಿಮ್ಮ ದೋಣೀಲಿ ಆಗಿದ್ದು ಅವರ ಕಿವಿಗೂ ಬಿತ್ತು. ಪಾಪ, ಇಪ್ಪತ್ತು ವರ್ಷ ಒಂದು ಫ್ಯೂಸ್ ಸುಟ್ಟಿಲ್ಲ ಅವಳ ಕೈಯಲ್ಲಿ."

ಇವಳು ನಕ್ಷೆ ತರಲು ಪೇಟೆಗೆ ಹೋಗಿದ್ದಳು. ಮಷೀನ್ ಕಂಕುಳಲ್ಲಿ ಇಟ್ಟುಕೊಂಡು ಚಹಾದ ಹೊತ್ತಿಗೆ ಶೆಡ್ಡಿಗೆ ಹೋದೆ. ಎಲ್ಲರೂ ಇರುವಾಗಲೇ ಹೋದೆ — ಅವಳನ್ನು ಅಂದದ್ದು ಎಲ್ಲರೂ ಇರುವಾಗಲೇ ತಾನೇ.

"ವೈರಕ್ಕ, ನಿನ್ನ ಐದು ಆಂಪ್ ಇಲ್ಲಿದೆ."

ಬೆಂಚಿನ ಮೇಲೆ ಇಟ್ಟೆ. ಮುಖವಾಡ ಹಾಕಿಕೊಂಡು ತೋರಿಸಿದೆ. "ರಾತ್ರಿ ಇದಿಲ್ಲದಿದ್ರೆ ನನಗೆ ಉಸಿರು ನಿಲ್ಲುತ್ತೆ. ಪಟ್ಟೀಲಿ ಬರೆಸಲಿಲ್ಲ. ನಾಚಿಕೆ ಆಯ್ತು."

ಯಾರೂ ನಗಲಿಲ್ಲ. ಗಡ್ಡದವನು ಲೋಟದೊಳಗೆ ನೋಡುತ್ತಾ ಹೇಳಿದ — "ನಮ್ಮ ಮಾವನೂ ಹಾಕ್ಕೋತಾರಣ್ಣ."

ಇಷ್ಟೇ. ಇಷ್ಟಕ್ಕೆ.

ವೈರಕ್ಕ ಮಷೀನಿನ ತಳ ತಿರುಗಿಸಿ ಚೀಟಿ ಓದಿದಳು. ಆಮೇಲೆ ಮೆಲ್ಲಗೆ — "ಮಷೀನಿಗೆ ನಾಚಿಕೆಪಟ್ರಿ, ಸರಿ. ಒಂಬತ್ತು ದಿನ ನಾನು ನನ್ನ ಕೈಯನ್ನೇ ನಂಬಲಿಲ್ಲ ದಮ್ಮಣ್ಣ. ಹಿಂದೆ ಮಾಡಿದ ದೋಣಿಗಳಿಗೆಲ್ಲ ಹೋಗಿ, ಕಾಲು ಹಿಡಿದು, ಬಿಚ್ಚಿ ನೋಡ್ದೆ. ಅಲ್ಲೂ ತಪ್ಪಿದೀನೇನೋ ಅಂತ."

"ಪೈಲಟ್ ಬೋಟಿನವರಿಗೆ ನಾನೇ ಹೋಗಿ ಹೇಳ್ತೀನಿ—"

"ಅವರು ಮೊನ್ನೆ ಕೆಲಸ ಶುರು ಮಾಡಿಯಾಯ್ತು. ಹೋದದ್ದು ಹೋಯ್ತು."

ಆದರೂ ಎದ್ದು ನಮ್ಮ ದೋಣಿಗೆ ಬಂದಳು. ಮಷೀನನ್ನು ಇನ್ವರ್ಟರಿಗೆ ಸಿಕ್ಕಿಸಿದ್ದೇ ತಪ್ಪಂತೆ. ಒಳಗೆ ಗಾಳಿಗೆ ತೇವ ಕೊಡುವ ಹೀಟರಿದೆ, ಅದೇ ಕುಡಿಯುವುದು. ಅದನ್ನು ಆರಿಸಿ, ಬ್ಯಾಟರಿಯಿಂದ ನೇರ ಒಂದು ವೈರು, ಒಂದು ಫ್ಯೂಸ್, ಒಂದು ಪ್ಲಗ್. ಐದರ ಜಾಗದಲ್ಲಿ ಒಂದೂವರೆ. ಇನ್ನೊಂದು ಬ್ಯಾಟರಿಯೂ ಬೇಡ.

"ಆವತ್ತು ಹೇಳಿದ್ರೆ ಹದಿನೈದು ನಿಮಿಷದ ಕೆಲಸ" ಎಂದಳು. ಹದಿನೈದು ನಿಮಿಷದಲ್ಲಿ ಮುಗಿಸಿದಳು. ನಾನು ಮಾಡಿಟ್ಟ ಚಹಾ ಮುಟ್ಟಲಿಲ್ಲ.

ಏಪ್ರಿಲ್ ೪, ಶುಕ್ರವಾರ

ನಿನ್ನೆ ಸಂಜೆ ಇವಳಿಗೆ ಹೇಳಿದೆ. ಪಟ್ಟಿಯದು, ಆಮೇಲೆ ಗುಂಡಿ ಒತ್ತಿ ಮೀಟರಿನ ಬಾಯಿ ಮುಚ್ಚಿಸಿದ್ದು. ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಚೆನ್ನಾಗಿತ್ತು.

"ನಿಮ್ಮ ಸುಳ್ಳನ್ನ ನನ್ನ ಬಾಯಲ್ಲಿ ಆಡಿಸಿದ್ರಿ" ಎಂದಳು. "ಅಷ್ಟು ಜನರ ಮುಂದೆ. ನನ್ನ ಬಾಯಲ್ಲಿ."

ಇವತ್ತು ಬೆಳಿಗ್ಗೆ ವೈರಕ್ಕನ ಮನೆಗೆ ಹೊರಟಳು. ನಾನೂ ಚಪ್ಪಲಿ ಮೆಟ್ಟಿದೆ. "ನೀವು ಬೇಡ. ನಾನು ಅಂದ ಮಾತು, ನಾನೇ ವಾಪಸ್ ತಗೋಬೇಕು." ಮಧ್ಯಾಹ್ನ ಬಂದಳು. ಏನಾಯಿತು ಎಂದು ಕೇಳುವ ಮುಖ ನನಗಿಲ್ಲ. ಅವಳ ಕಣ್ಣು ಕೆಂಪಾಗಿತ್ತು.

ಏಪ್ರಿಲ್ ೯, ಬುಧವಾರ, ಬೆಳಿಗ್ಗೆ ೬-೪೦

ಲಂಗರಿನಲ್ಲಿದ್ದೇವೆ. ಎರಡನೆಯ ಬೆಳಗು. ಏಳು ಗಂಟೆ ನಿದ್ದೆ. ಮೀಟರಿನಲ್ಲಿ ಇನ್ನೂ ಶೇಕಡ ಅರವತ್ತೆರಡು ಇದೆ.

ಐದು ದಿನದಿಂದ ನಮ್ಮ ನಡುವೆ ಹಗ್ಗದ ಮಾತು ಮಾತ್ರ. ಬಿಡಿ. ಎಳೀರಿ. ಕಟ್ಟಿ. ನಿನ್ನೆ ಸಂಜೆ ಮೊದಲ ಸಲ ಬೇರೆ ಮಾತಾಡಿದಳು, ನೀರಿನತ್ತ ನೋಡುತ್ತಾ. "ಈ ದೋಣಿ ನಾನು ನಡೆಸಬೇಕಾದ್ರೆ ಇದರಲ್ಲಿ ಏನಿದೆ, ಏನಿಲ್ಲ ಅಂತ ನನಗೆ ಗೊತ್ತಿರಬೇಕು. ಇನ್ನೇನಾದ್ರೂ ಇದೆಯಾ?"

"ಇಲ್ಲ" ಎಂದೆ. ನಾಲಿಗೆಗೆ ರೂಢಿಯಾಗಿಬಿಟ್ಟಿದೆ.

ಇದೆ. ಎಡಗಿವಿ. ಆಳಕ್ಕೆ ಇಳಿದೂ ಇಳಿದೂ ಹಾಳಾದದ್ದು, ಎರಡು ವರ್ಷದಿಂದ ಅದರಲ್ಲಿ ಏನೂ ಕೇಳುವುದಿಲ್ಲ. ಗಾಳಿಯಲ್ಲಿ ಅವಳು ಬಿಡಿ ಅಂದಳೋ ಹಿಡಿ ಅಂದಳೋ, ಕೈ ನೋಡಿ ಊಹಿಸುತ್ತೇನೆ. ಇವತ್ತು ಬಂಡೆಗಳ ನಡುವಿನ ಇಕ್ಕಟ್ಟು ದಾರಿ ದಾಟಬೇಕು. ಹಗ್ಗ ನನ್ನ ಕೈಯಲ್ಲಿ, ಚುಕ್ಕಾಣಿ ಅವಳ ಕೈಯಲ್ಲಿ.

ಲಂಗರು ಎತ್ತುವ ಮೊದಲು ಹೇಳಬೇಕು. ಚಹಾ ಎರಡು ಲೋಟಕ್ಕೆ ಬಗ್ಗಿಸಿದ್ದೇನೆ. ಮೇಲೆ ಹೋಗಿ, ಅವಳ ಎಡಕ್ಕೆ ಕೂತು, ಮೊದಲ ಮಾತೇ ಅದು. ಪೀಠಿಕೆ ಬೇಡ. ನೋಡು, ನನಗೆ ಈ ಕಡೆ ಕಿವಿ —

ಮೇಲಿಂದ ಕರೆಯುತ್ತಿದ್ದಾಳೆ. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಾಳೋ. ಹೋಗಿ —