ಫೋಟೋದಿಂದ ಕತ್ತರಿಸಿಹೋದ ಕೈ

ಕಾಡಿನ ಗೇಟು ಕಾಯುವ ಮಾನ್ಯ ಅರಣ್ಯಾಧಿಕಾರಿಗಳೇ,

ನನ್ನ ನಾಯಿ ದೊರೆಯ ಫೋಟೋವನ್ನು ಗೇಟಿಗೆ ಅಂಟಿಸಿ, ಅವನ ಮೋರೆಯ ಮೇಲೆ ಕೆಂಪು ಗೆರೆ ಎಳೆದು, ‘ಜಿಂಕೆ ಮರಿಯನ್ನು ಕೊಂದ ನಾಯಿ. ಹಗ್ಗವಿಲ್ಲದೆ ಬಿಟ್ಟವರು ಹದಿನೈದು ದಿನದೊಳಗೆ ಕಚೇರಿಗೆ ಒಪ್ಪಿಸತಕ್ಕದ್ದು’ ಎಂದು ಬರೆಸಿದ್ದೀರಿ. ಆ ಫೋಟೋ ನಿಮಗೆ ಹೇಗೆ ಸಿಕ್ಕಿತು ಅನ್ನುವುದೊಂದನ್ನು ಮಾತ್ರ ಬರೆಸಲಿಲ್ಲ. ಅದನ್ನು ನಾನು ಬರೆಯುತ್ತೇನೆ. ನಾಲ್ಕನೇ ಕ್ಲಾಸು ಓದಿದವಳು. ಕಾಗುಣಿತ ತಪ್ಪಿದರೆ ಮೊಮ್ಮಗಳು ತಿದ್ದುತ್ತಾಳೆ, ವಿಷಯ ತಿದ್ದಲು ಬಿಡುವುದಿಲ್ಲ.

ಪ್ರತಿ ಭಾನುವಾರ ಬೆಳಿಗ್ಗೆ ನಾವು ಒಂಬತ್ತು ಜನ, ಐದು ನಾಯಿ, ಕಾಡುದಾರಿಯಲ್ಲಿ ನಡೆಯುತ್ತಿದ್ದುದು ನಿಮ್ಮದೇ ಅಪ್ಪಣೆಯಿಂದ. ನಮ್ಮ ಕಟ್ಟಳೆ ಎರಡೇ: ಹಗ್ಗ ಬಿಡಬಾರದು, ನಾಯಿ ಹೇತದ್ದನ್ನು ಚೀಲದಲ್ಲಿ ತುಂಬಿ ವಾಪಸು ತರಬೇಕು. ಮೊಮ್ಮಗಳು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅವುಗಳ ಫೋಟೋ ತೆಗೆಯುತ್ತಾಳೆ. ನನ್ನ ಮದುವೆಯಲ್ಲೂ ನನಗೆ ಅಷ್ಟು ಫೋಟೋ ತೆಗೆದಿರಲಿಲ್ಲ.

ಒಂದು ಭಾನುವಾರ ನೀವೂ ಜೊತೆಗೆ ಬಂದಿರಿ. ನನ್ನ ಬುತ್ತಿ ಬಿಚ್ಚಿಸಿ ತಿಂದು, “ಅಜ್ಜೀ, ನಮ್ಮಮ್ಮನ ಕೈರುಚಿ ಥರಾನೇ ಇದೆ” ಅಂದಿರಿ. ಮುದುಕಿ ಕರಗಿಹೋದಳು. ದೊರೆಗೂ ಒಂದು ತುತ್ತು ಕೊಟ್ಟಿರಿ. ಕೈ ತೊಳೆದವರೇ, “ಇಲಾಖೆ ಕ್ಯಾಲೆಂಡರಿಗೆ ಒಂದು ಫೋಟೋ ಬೇಕಿತ್ತು, ದೊರೇದೇ ಇರಲಿ. ಹಗ್ಗ ಕಂಡ್ರೆ ಚೆನ್ನಾಗಿರಲ್ಲ, ಬಿಚ್ಚಿ” ಅಂದಿರಿ.

“ನಮ್ಮ ಕಟ್ಟಳೆ ಇದೆಯಪ್ಪಾ, ಬಿಚ್ಚೋ ಹಾಗಿಲ್ಲ” ಅಂದೆ.

“ಈ ಕಾಡಿಗೆ ಕಟ್ಟಳೆ ಮಾಡೋನು ನಾನೇ ಅಲ್ವಾ? ಕೊಡಿ ಇಲ್ಲಿ.”

ನೀವೇ ಬಗ್ಗಿ ಕೊಕ್ಕೆ ಕಳಚಿದಿರಿ. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಪಕ್ಕದಲ್ಲಿ ನಿಂತಿರಿ. ನಮ್ಮ ಗುಂಪಿನ ಹಿರಿಯರು, ಹಿಂದೆ ಟಪಾಲು ಹಂಚುತ್ತಿದ್ದವರು, “ಬೇಡ ಅಕ್ಕಾ” ಅಂತ ಕಣ್ಸನ್ನೆ ಮಾಡಿದರು. ನಾನು ಅವರಿಗೇ ಬೈದೆ: “ಸುಮ್ನಿರಿ, ಎಲ್ಲಾದ್ರಲ್ಲೂ ಹುಳುಕು ಹುಡುಕ್ತೀರಿ!” ಹತ್ತು ಎಣಿಸುವಷ್ಟು ಹೊತ್ತು, ಅಷ್ಟೇ. ಮೊಮ್ಮಗಳು ಫೋಟೋ ತೆಗೆದಳು, ಮತ್ತೆ ಕೊಕ್ಕೆ ಹಾಕಿದ್ದೂ ನೀವೇ. ಸಂಜೆ ಆ ಫೋಟೋವನ್ನು ಕ್ಯಾಲೆಂಡರಿಗೆಂದು ಅವಳೇ ನಿಮಗೆ ಕಳಿಸಿದಳು.

ಮೂರು ವಾರದ ಮೇಲೆ, ಒಂದು ಮಂಗಳವಾರ, ಜಿಂಕೆ ಮರಿ ಸತ್ತಿತು. ಪಾಪದ ಜೀವ, ನನಗೂ ಸಂಕಟವಾಯಿತು. ಆದರೆ ಬೇಲಿಯ ತಂತಿ ಹರಿದು ಎರಡು ತಿಂಗಳಾಗಿದೆಯಂತೆ, ಬೀದಿನಾಯಿಗಳು ಅಲ್ಲಿಂದ ನುಗ್ಗುತ್ತವಂತೆ. ಹೇಳಿದವರು ನಿಮ್ಮವರೇ, ಹೆಸರು ಕೇಳಬೇಡಿ, ಅವರ ಹೊಟ್ಟೆಯ ಮೇಲೆ ಹೊಡೆಯುವವಳು ನಾನಲ್ಲ. ಆ ಬೇಲಿ ಯಾರದು ಸ್ವಾಮಿ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯವನ್ನು ನಿಮ್ಮ ಇಲಾಖೆಯಲ್ಲಿ ತರಬೇತಿ ಕೊಟ್ಟು ಕಲಿಸುತ್ತಾರೋ? ದೊರೆಗೆ ಹದಿಮೂರು ವರ್ಷ, ಬಾಯಲ್ಲಿ ನಾಲ್ಕು ಹಲ್ಲು. ಊಟ ಮೆತ್ತಗೆ ಕಿವುಚಿ ಕೊಡದಿದ್ದರೆ ತಟ್ಟೆಯನ್ನೇ ನೋಡುತ್ತ ಕೂರುತ್ತಾನೆ. ಆ ಮಂಗಳವಾರ ಇಡೀ ದಿನ ಕಾಲುನೋವಿಗೆ ಪಶುವೈದ್ಯರ ಆಸ್ಪತ್ರೆಯಲ್ಲಿದ್ದ.

ವೈದ್ಯರ ಚೀಟಿ ಹಿಡಿದು ನಿಮ್ಮ ಕಚೇರಿಗೆ ಬಂದೆ. “ಚೀಟಿ ಯಾರು ಬೇಕಾದ್ರೂ ಬರೆಸ್ಕೊಂಡು ಬರ್ತಾರೆ. ಫೋಟೋ ಇದೆ ನೋಡಿ, ಹಗ್ಗ ಎಲ್ಲಿದೆ ತೋರ್ಸಿ” ಅಂದರು ನಿಮ್ಮ ಗುಮಾಸ್ತೆ. ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ನೀವು ನನ್ನನ್ನು ನೋಡಿದಿರಿ. ನೋಡಿ, ಫೈಲು ಎತ್ತಿ ಮುಖಕ್ಕೆ ಅಡ್ಡ ಹಿಡಿದಿರಿ. ಬೈದು ಅಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ಅಜ್ಜೀ ಎಂದು ಕರೆದು ಉಂಡವರು ಆ ಫೈಲಿನ ಹಿಂದೆ ಹೇಗೆ ಅಡಗಿದಿರಿ?

ಹಗ್ಗ ಎಲ್ಲಿದೆ ಅಂತ ಕೇಳಿದಿರಲ್ಲ, ಮೊಮ್ಮಗಳ ಕ್ಯಾಮೆರಾದಲ್ಲಿದೆ. ನೀವು ಕತ್ತರಿಸಿ ಎಸೆದ ಅರ್ಧದಲ್ಲಿ ನಿಮ್ಮ ಸಮವಸ್ತ್ರದ ತೋಳಿದೆ, ಮಣಿಕಟ್ಟಿನ ಸುತ್ತ ನಾಲ್ಕು ಸುತ್ತು ಹಗ್ಗವಿದೆ, ಮೇಲೆ ನಿಮ್ಮ ನಗುಮುಖವೂ ಇದೆ. ಇಡೀ ಫೋಟೋ ಪತ್ರಿಕೆಯಲ್ಲಿ ಈ ಪತ್ರದ ಪಕ್ಕದಲ್ಲೇ ಅಚ್ಚಾಗಿದೆ. ಊರೆಲ್ಲ ನೋಡಲಿ.

ನಿಮ್ಮ ಕ್ಷಮೆ ನನಗೆ ಬೇಡ. ಈ ಭಾನುವಾರ ನಮ್ಮ ಗುಂಪಿನವರ ಎದುರಿಗೆ ಗೇಟಿನ ಮೇಲಿನ ಆ ಕಾಗದವನ್ನು ನಿಮ್ಮ ಕೈಯಾರೆ ಕಿತ್ತು, ಇಡೀ ಫೋಟೋ ಅಂಟಿಸಿ. ಒಪ್ಪಿಸುವ ಆದೇಶ ರದ್ದಾಯಿತೆಂದು ಬರೆದು ಕೊಡಿ. ಆಗದು ಎನ್ನುವುದಾದರೆ ಹದಿನಾರನೆಯ ದಿನ ಆಳುಗಳನ್ನು ಕಳಿಸಬೇಡಿ, ನೀವೇ ಬನ್ನಿ. ದೊರೆ ನಿಮ್ಮನ್ನು ಕಚ್ಚುವುದಿಲ್ಲ, ಬೊಗಳುವುದೂ ಇಲ್ಲ. ನೀವು ಕೊಕ್ಕೆ ಹಾಕಲು ಬಗ್ಗಿದರೆ ತಾನಾಗಿಯೇ ಕತ್ತು ಮುಂದೆ ಚಾಚುತ್ತಾನೆ, ಕಾಡಿಗೆ ಕರೆದುಕೊಂಡು ಹೋಗಲು ಬಂದಿದ್ದೀರಿ ಅಂತ.

ಇಂತಿ, ನಮಸ್ಕಾರ ಹೇಳಲು ಮನಸ್ಸು ಬಾರದ,
ನಿಮ್ಮನ್ನು ನಂಬಿ ಹಗ್ಗ ಕೊಟ್ಟ ಮುದುಕಿ